ಕಡಲತೀರದ ಊರಿನಲ್ಲಿ ಮೀನಿನೂಟಕ್ಕೆ ಹೋಟೆಲನ್ನು ಆರಿಸುವ ಬಗೆ

ಕಡಲತೀರದ ಊರಿಗೆ ಹೋದವರು ಅಲೆಗಳು ಕಾಣುವ ಮೇಜನ್ನೇ ಮೊದಲು ಹುಡುಕುವುದು ಸಹಜ. ಆದರೆ ಅಂತಹ ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ಮತ್ತೆ ಬಾರದ ಪ್ರವಾಸಿಗರಾದ್ದರಿಂದ, ಅಡುಗೆ ಸಾಧಾರಣವಾಗಿದ್ದರೂ ವ್ಯಾಪಾರ ನಡೆಯುತ್ತದೆ. ಮೀನುಗಾರಿಕೆ ಬಂದರಿನ ಹಿಂದಿನ ಬೀದಿಗಳಲ್ಲಿ, ದೋಣಿಯವರೂ ಮೀನು ಮಾರುವವರೂ ದಿನವೂ ಉಣ್ಣುವ ಕಡೆ ಆ ಸಲಿಗೆ ಇರುವುದಿಲ್ಲ. ಮೀನಿನ ಗುಣ ಬಲ್ಲವರಿಗೆ ಹಳಸಿದ್ದನ್ನು ಬಡಿಸಲಾಗದು.

ಸಾಧ್ಯವಾದರೆ ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಒಮ್ಮೆ ಅಡ್ಡಾಡಿ, ಅಂದು ಯಾವ ಮೀನು ಬಂದಿದೆಯೆಂದು ನೋಡಿಕೊಳ್ಳಿ. ಮಧ್ಯಾಹ್ನ ಹೋಟೆಲಿನಲ್ಲಿ ಅದನ್ನೇ ಕೇಳಿ. ಯಾವುದು ಇದೆ ಎಂಬುದರ ಜೊತೆಗೆ ಯಾವುದು ಇಲ್ಲವೆಂದೂ ಹೇಳುವ ಹೋಟೆಲು ನಂಬಿಕೆಗೆ ಅರ್ಹ. ಬಿರುಗಾಳಿಯ ಮರುದಿನ ಅಥವಾ ಮೀನುಗಳು ಮೊಟ್ಟೆಯಿಡುವ ಕಾಲದ ನಿಷೇಧವಿರುವಾಗ ಹೆಚ್ಚಿನ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗಲೂ ಪಟ್ಟಿಯಲ್ಲಿರುವ ಎಲ್ಲ ಮೀನೂ ಸಿಗುತ್ತಿದ್ದರೆ ಅದು ಬಹುಮಟ್ಟಿಗೆ ಶೈತ್ಯಾಗಾರದ್ದು ಅಥವಾ ಹೊರಗಿನಿಂದ ತರಿಸಿದ್ದು. ಹಿಡಿದ ಕೂಡಲೇ ಹೆಪ್ಪುಗಟ್ಟಿಸಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಮೀನು ಕೀಳೇನಲ್ಲ, ಆದರೆ ಅದನ್ನು ತಾಜಾ ಎಂದು ಮಾರಬಾರದು.

ಇಡೀ ಮೀನನ್ನು ಮುಂದಿಟ್ಟು ತೋರಿಸುವ ಹೋಟೆಲಿನಲ್ಲಿ ಸಂಕೋಚವಿಲ್ಲದೆ ಬಗ್ಗಿ ನೋಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಕಿವಿರನ್ನು ಎತ್ತಿದರೆ ಕೆಂಪಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿರಬಾರದು. ಬೆರಳಿನಿಂದ ಒತ್ತಿದ ಗುಳಿ ತಕ್ಷಣ ತುಂಬಿಕೊಳ್ಳಬೇಕು. ಮೀನಿನ ಕೆಳಗೂ ಮೇಲೂ ಮಂಜುಗಡ್ಡೆ ಇದೆಯೇ ಎಂಬುದನ್ನೂ ಗಮನಿಸಿ. ಬಂಗುಡೆ, ಟ್ಯೂನಾಗಳಂತಹ ಮೀನುಗಳನ್ನು ತಂಪಿನಲ್ಲಿಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ವಸ್ತು ಉಂಟಾಗುತ್ತದೆ. ಎಷ್ಟು ಬೇಯಿಸಿದರೂ ಅದು ನಾಶವಾಗದು. ತುತ್ತು ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ, ಮಸಾಲೆಯ ಖಾರವೆಂದು ಸುಮ್ಮನಾಗದೆ ತಟ್ಟೆಯನ್ನು ಬದಿಗಿಡಿ.

ಸಿಂಪಿಯಂತಹ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ನೀರಿನ ಕೊಳಕೂ ಅವುಗಳೊಳಗೆ ಸೇರಿಕೊಳ್ಳುತ್ತದೆ. ಎಲ್ಲಿಂದ ತಂದದ್ದೆಂದು ಹೇಳಲಾಗದ ಕಡೆ ಅವುಗಳನ್ನು, ಅದರಲ್ಲಿಯೂ ಹಸಿಯಾಗಿ, ತಿನ್ನಲೇಬೇಡಿ. ಬೇಯಿಸಿದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ಬಿಟ್ಟುಬಿಡುವುದು ಕ್ಷೇಮ.

ತೂಕದ ಮೇಲೆ ಬೆಲೆ ಕಟ್ಟುವ ಹೋಟೆಲಾದರೆ, ಆರಿಸಿದ ಮೀನನ್ನು ಎದುರಿನಲ್ಲಿಯೇ ತೂಗಿಸಿ, ಒಟ್ಟು ಎಷ್ಟಾಗುತ್ತದೆಂದು ಕೇಳಿದ ನಂತರವಷ್ಟೇ ಅಡುಗೆಮನೆಗೆ ಕಳುಹಿಸಿ.