ಬೆಲ್ಲದ ಗೋದಾಮಿನ ಕ್ಲೇಮು ಬಗೆಹರಿದದ್ದು ಹೀಗೆ

ಮಂಡ್ಯದ ನಮ್ಮ ಸಣ್ಣ ಗೋದಾಮಿನ ಶೀಟುಗಳು ಗಾಳಿಮಳೆಗೆ ಹಾರಿಹೋದವು. ಒಳಗಿದ್ದ ಅಚ್ಚುಬೆಲ್ಲ ನೀರು ಕುಡಿದು ಕರಗಿತು. ವಿಮೆ ಇತ್ತು. ಆದರೆ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬರೆದ ಮೊತ್ತ ನಮ್ಮ ಲೆಕ್ಕದ ಅರ್ಧವೂ ಇರಲಿಲ್ಲ.

ಅಮೆರಿಕದ ಎಷ್ಟೋ ಮನೆ ಪಾಲಿಸಿಗಳಲ್ಲಿ ಇಂಥ ತಕರಾರಿಗೆ ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ಗೊತ್ತು ಮಾಡುತ್ತಾರೆ. ಆ ಇಬ್ಬರು ಸೇರಿ ಒಬ್ಬ ಅಂಪೈರನ್ನು ಆರಿಸುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದ ಮೊತ್ತವೇ ಕೊನೆ. ನಮ್ಮ ಪಾಲಿಸಿಯಲ್ಲಿ ಅದಿರಲಿಲ್ಲ. ನಮಗೆ ಸಿಕ್ಕ ಮಧ್ಯಸ್ಥರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೇಳಿ ಬಗೆಹರಿಸುವ ಅಧಿಕಾರಿ.

ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಒಬ್ಬರೇ ಮಾಲೀಕರಿರುವ ನಮ್ಮಂಥ ವ್ಯಾಪಾರಕ್ಕೂ ಈ ದಾರಿ ಇದೆ. ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ, ಅದೇ ಬೇಸರ.

ನಮ್ಮ ಕೈ ಹಿಡಿದದ್ದು ಕಾಗದಪತ್ರ. ಸರ್ವೇ ವರದಿಯ ಪ್ರತಿ ಕೇಳಿ ಪಡೆದೆವು. ಕೆಳಸಾಲಿನ ಬೆಲ್ಲ ಅದರಲ್ಲಿ ಸೇರಿಯೇ ಇರಲಿಲ್ಲ! ಎಪಿಎಂಸಿ ಬಿಲ್ಲು, ದಾಸ್ತಾನು ಪುಸ್ತಕ, ಮಳೆ ನಿಂತ ಕೂಡಲೇ ತೆಗೆದ ಫೋಟೊ, ಎಂಜಿನಿಯರ್ ಕೊಟ್ಟ ಅಂದಾಜುಪಟ್ಟಿ, ಎಲ್ಲವನ್ನೂ ಲಗತ್ತಿಸಿದೆವು. ಎರಡೂ ಕಡೆಯವರು ಒಪ್ಪಿದ್ದರಿಂದ ಓಂಬುಡ್ಸ್‌ಮನ್ ಮಧ್ಯಸ್ಥಿಕೆ ವಹಿಸಿದರು. ಬಿಟ್ಟುಹೋಗಿದ್ದ ಸರಕು ಲೆಕ್ಕಕ್ಕೆ ಬಂತು, ಶೀಟು ಹಳೆಯದೆಂದು ಕಳೆದಿದ್ದ ಸವಕಳಿ ಮಾತ್ರ ಹಾಗೇ ಉಳಿಯಿತು. ನ್ಯಾಯವಾದ ಮೊತ್ತ ಅನ್ನಿಸಿತು, ಒಪ್ಪಿಕೊಂಡೆವು.

ರಾಜಿ ಆಗದಿದ್ದರೆ ಓಂಬುಡ್ಸ್‌ಮನ್ ತೀರ್ಪು ಕೊಡುತ್ತಾರೆ. ಅದಕ್ಕೆ ಕಂಪನಿ ಬದ್ಧ. ನಮಗೆ ಸರಿಕಾಣದಿದ್ದರೆ ಗ್ರಾಹಕರ ಆಯೋಗದ ಬಾಗಿಲು ತೆರೆದೇ ಇರುತ್ತದೆ.