ಮಾವನ ಮಳೆ ಪುಸ್ತಕ ಡೇಟಾ ಆಗಬೇಕಾದರೆ

ನಮ್ಮ ಮಾವ 1986ರಿಂದ 2021ರವರೆಗೆ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಟ್ಟವರು. ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟ. ಜಗುಲಿಯ ಕಪಾಟಿನಲ್ಲಿ ಆ ಪುಸ್ತಕಗಳ ರಾಶಿಯೇ ಇತ್ತು: ಹಳೆಯ ಡೈರಿಗಳು, ಮಕ್ಕಳು ಅರ್ಧ ಬರೆದು ಬಿಟ್ಟ ನೋಟ್‌ಬುಕ್‌ಗಳು, ಎರಡು ವರ್ಷದ್ದಂತೂ ಬರೀ ಕ್ಯಾಲೆಂಡರ್ ಹಾಳೆ. ಅವರು ಹೋದ ಮೇಲೆ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕೂತೆ. ಸೊಸೈಟಿಯಲ್ಲಿ ಹತ್ತು ವರ್ಷ ಲೆಕ್ಕ ಬರೆದವಳು ನಾನು, ಎಕ್ಸೆಲ್ ಹೊಸತಲ್ಲ. ಹದಿನೈದು ದಿನದ ಕೆಲಸ ಅಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು. ಟೈಪ್ ಮಾಡುವುದಕ್ಕಲ್ಲ, ಮಾವ ಏನು ಬರೆದಿದ್ದಾರೆ ಅಂತ ತಿಳಿದುಕೊಳ್ಳುವುದಕ್ಕೆ.

ನಿಮ್ಮ ಮನೆಯಲ್ಲೂ ಹಾಲಿನ ಲೆಕ್ಕವೋ ಕಾಳುಮೆಣಸಿನ ದರವೋ ಬಾವಿಯ ನೀರಿನ ಮಟ್ಟವೋ ಹೀಗೆ ಬರೆದಿಟ್ಟದ್ದು ಇರಬಹುದು. ನಾನು ಎಡವಿದಲ್ಲಿ ನೀವು ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋಟೋ ತೆಗೆಯಿರಿ. ಒಂದು ಪುಟಕ್ಕೆ ಒಂದು ಫೋಟೋ, ಬಿಸಿಲಿರುವಾಗ, ಫ್ಲ್ಯಾಶ್ ಇಲ್ಲದೆ. ಫೈಲಿನ ಹೆಸರಿನಲ್ಲಿ ವರ್ಷ, ಪುಟಸಂಖ್ಯೆ ಇರಲಿ. ನಮ್ಮ ಕಡೆ ಗೆದ್ದಲು, ಬೂಷ್ಟು ಯಾರನ್ನೂ ಕೇಳಿ ಬರುವುದಿಲ್ಲ.

ಆಮೇಲೆ ಹಾಳೆಯ ಆಕಾರ. ಒಂದು ದಿನಕ್ಕೆ ಒಂದೇ ಸಾಲು. ಮಾವ ತಿಂಗಳಿಗೊಂದು ಚೌಕ ಹಾಕಿ ಒಳಗೆ ಬರೆಯುತ್ತಿದ್ದರು. ನೋಡಲು ಚೆಂದ, ಯಂತ್ರಕ್ಕೆ ಅರ್ಥವಾಗುವುದಿಲ್ಲ. ನನ್ನ ಹಾಳೆಯಲ್ಲಿ ಆರು ಕಾಲಂ: ದಿನಾಂಕ, ಬರೆದದ್ದು ಇದ್ದ ಹಾಗೆ, ಮಿಲಿಮೀಟರ್, ಪುಟ, ಸಂಶಯ, ಟಿಪ್ಪಣಿ. ‘ಇದ್ದ ಹಾಗೆ’ ಕಾಲಂ ದಂಡ ಅಂತ ಕಾಣಬಹುದು. ಅದನ್ನು ಮಾತ್ರ ಬಿಡಬೇಡಿ. ನೀವು ತಿದ್ದಿದ್ದು ತಪ್ಪು ಅಂತ ಮೂರು ತಿಂಗಳಾದ ಮೇಲೆ ಗೊತ್ತಾದರೆ ಹಿಂದಕ್ಕೆ ಹೋಗಲು ಅದೊಂದೇ ದಾರಿ. ಆ ಕಾಲಂನ ನಮೂನೆಯನ್ನು ಮೊದಲೇ ‘ಟೆಕ್ಸ್ಟ್’ ಅಂತ ಮಾಡಿಡಿ. ದಿನಾಂಕವನ್ನು 2006-07-14 ಹೀಗೆ, ವರ್ಷ ಮೊದಲು ಬರುವಂತೆ ಬರೆಯಿರಿ. 05/06 ಅಂತ ಬರೆದರೆ ನಮಗೆ ಜೂನ್ 5, ಅಮೆರಿಕದ ಲೆಕ್ಕದ ಕಂಪ್ಯೂಟರಿಗೆ ಮೇ 6.

ಟೆಕ್ಸ್ಟ್ ಯಾಕೆ ಅಂದರೆ, ಮಾವ ಹಳೆಯ ಪುಸ್ತಕಗಳಲ್ಲಿ ಮಳೆಯನ್ನು 2-40 ಅಂತ ಬರೆದಿದ್ದರು. ಕಾಫಿ ತೋಟದವರಿಗೆ ಗೊತ್ತಿರುತ್ತದೆ, ಎರಡು ಇಂಚು ನಲವತ್ತು ಸೆಂಟ್ಸ್ ಅಂತ (ಒಂದು ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು). ನಾನು 2-40 ಅಂತ ಒತ್ತಿ ಎಂಟರ್ ಹೊಡೆದೆ. ಎಕ್ಸೆಲ್ ಅದನ್ನು 1940ರ ಫೆಬ್ರವರಿ ಮಾಡಿತು! ನಾನೊಬ್ಬಳೇ ಪೆದ್ದಿ ಅಂದುಕೊಂಡಿದ್ದೆ. ವಿಜ್ಞಾನಿಗಳಿಗೂ ಇದೇ ಪಾಡಂತೆ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳು (ವಂಶವಾಹಿಗಳು) ಇದ್ದವು. ಅವನ್ನೂ ಎಕ್ಸೆಲ್ ತಾರೀಕು ಮಾಡುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರು ಜೀನ್‌ಗಳ ಹೆಸರನ್ನೇ ಬದಲಾಯಿಸಿ ಮಾರ್ಚ್‌ಎಫ್1, ಸೆಪ್ಟಿನ್1 ಅಂತ ಮಾಡಿದರು. ಮನುಷ್ಯನ ಜೀನೇ ಬಗ್ಗಿತು, ಎಕ್ಸೆಲ್ ಆಗ ಬಗ್ಗಲಿಲ್ಲ.

ಇನ್ನೊಂದು ಪೇಚು ಕನ್ನಡ ಅಂಕಿಯದ್ದು. ಮಾವ ೩೫ ಅಂತ ಬರೆದದ್ದನ್ನು ನಾನೂ ಪ್ರೀತಿಯಿಂದ ೩೫ ಅಂತಲೇ ಟೈಪ್ ಮಾಡಿದೆ. ತಿಂಗಳ ಮೊತ್ತ ಕೇಳಿದರೆ ಸೊನ್ನೆ ಬಂತು. ಅದು ನನ್ನ ಹಾಳೆಗೆ ಅಂಕಿಯಲ್ಲ, ಅಕ್ಷರ. ಹಾಗಾಗಿ ಮಿಲಿಮೀಟರ್ ಕಾಲಂನಲ್ಲಿ 35 ಅಂತ ಬರೀ ಅಂಕಿ ಇರಲಿ. ‘35 ಮಿ.ಮೀ.’ ಅಂತಲೂ ಬೇಡ, ಅಳತೆಯ ಹೆಸರು ತಲೆಸಾಲಿಗೆ ಸಾಕು.

ಅಳತೆಯ ವಿಷಯಕ್ಕೇ ಬರೋಣ. ಎಲ್ಲ ತುಂಬಿಸಿ ಗ್ರಾಫ್ ಎಳೆದಾಗ 1999ರ ಜೂನ್‌ನಿಂದ ಮಳೆ ಇಪ್ಪತ್ತೈದು ಪಟ್ಟು ಹೆಚ್ಚಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೈದುನನ ಮಗ ಆವಾಗ ಊರಿಗೆ ಬಂದಿದ್ದ. ಇಣುಕಿ ನೋಡಿ ನಕ್ಕ. “ದೊಡ್ಡಮ್ಮಾ, ಇದು ಮಳೆ ಹೆಚ್ಚಿದ್ದಲ್ಲ, ಯೂನಿಟ್ ಬದಲಾಗಿದ್ದು.” ಹೌದು, ಆ ಜೂನ್‌ನ ಪುಟದ ಅಂಚಿನಲ್ಲಿ ‘ಗಾಜು ಒಡೆಯಿತು, ಹೊಸದು ತಂದೆ’ ಅಂತಿತ್ತು. ಹಳೆಯ ಗಾಜಿನಲ್ಲಿ ಇಂಚಿನ ಗೆರೆ, ಹೊಸದರಲ್ಲಿ ಮಿಲಿಮೀಟರ್. ಇಂಚನ್ನು 25.4ರಿಂದ ಗುಣಿಸಿದೆ. 2-40 ಅಂದರೆ 60.96 ಮಿ.ಮೀ. ಗ್ರಾಫ್ ತೆಪ್ಪಗಾಯಿತು.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಖಾಲಿ ಜಾಗ. ಮಾವ ಮಳೆ ಬಾರದ ದಿನ ಕೆಲವೊಮ್ಮೆ ಸೊನ್ನೆ ಹಾಕುತ್ತಿದ್ದರು, ಕೆಲವೊಮ್ಮೆ ಏನೂ ಹಾಕುತ್ತಿರಲಿಲ್ಲ. 1994ರ ಜುಲೈನಲ್ಲಿ ಹನ್ನೊಂದು ದಿನ ಖಾಲಿ. ಕೊಪ್ಪದಲ್ಲಿ ಜುಲೈನಲ್ಲಿ ಹನ್ನೊಂದು ದಿನ ಮಳೆಯಿಲ್ಲ ಅಂದರೆ ನಂಬುವವರು ಯಾರು? ಅತ್ತೆಯನ್ನು ಕೇಳಿದೆ. ಆ ವರ್ಷ ಮಾವ ಆಸ್ಪತ್ರೆಯಲ್ಲಿದ್ದರಂತೆ. ಅಂದರೆ ಅದು ಸೊನ್ನೆಯಲ್ಲ, ಗೊತ್ತಿಲ್ಲ. ಎರಡಕ್ಕೂ ಎಷ್ಟು ದೂರ ನೋಡಿ: ಹತ್ತು ದಿನದಲ್ಲಿ ಆರು ದಿನ ಅಳೆದಿದ್ದೀರಿ, ಒಟ್ಟು 300 ಮಿ.ಮೀ. ಬಂದಿದೆ. ನಾಲ್ಕು ದಿನ ‘ಗೊತ್ತಿಲ್ಲ’ ಅಂದರೆ ಸರಾಸರಿ 50. ಆ ನಾಲ್ಕಕ್ಕೂ ಸೊನ್ನೆ ತುಂಬಿದರೆ 30. ಸೊನ್ನೆ ಅಂತ ಖಾತ್ರಿಯಿದ್ದರೆ 0 ಹಾಕಿ, ಇಲ್ಲದಿದ್ದರೆ ಖಾಲಿ ಬಿಟ್ಟು ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಎರಡನೆಯ ಹಾಳೆಯೊಂದು ಬೇಕು, ಅಳತೆಯ ಜಾತಕದ್ದು. ಮಾಪಕ ಎಲ್ಲಿತ್ತು, ಯಾವಾಗ ಜರುಗಿಸಿದರು, ಎಷ್ಟು ಗಂಟೆಗೆ ಓದುತ್ತಿದ್ದರು. ನಮ್ಮದು 2003ರಲ್ಲಿ ಹೊಸ ಕೊಟ್ಟಿಗೆ ಕಟ್ಟುವಾಗ ಹಲಸಿನ ಮರದ ಬುಡದ ಹತ್ತಿರ ಹೋಗಿ ಎರಡು ವರ್ಷ ಅಲ್ಲೇ ಇತ್ತು. ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು. ಹಾಗಾಗಿ ಆ ಎರಡು ವರ್ಷದ ಅಂಕಿಗಳನ್ನು ನಾನು ಸರಾಸರಿಗೆ ಸೇರಿಸುವುದಿಲ್ಲ, ಅಳಿಸಿಯೂ ಇಲ್ಲ. ಓದುವ ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆಯದ್ದೂ ಅದೇ. ಇವತ್ತಿನ ತಾರೀಕಿನಲ್ಲಿ ಬರೆಯುವುದು ನಿನ್ನೆ 8.30ರಿಂದ ಇವತ್ತು 8.30ರವರೆಗಿನ ಮಳೆ. ನಿನ್ನೆ ಸಂಜೆ ಸುರಿದದ್ದು ಇವತ್ತಿನ ಸಾಲಿನಲ್ಲಿ ಬರುತ್ತದೆ, ಗಲಿಬಿಲಿ ಆಗಬೇಡಿ.

ಇಷ್ಟು ಮಾಡಿದ ಮೇಲೆ ಕೇಳಲು ಶುರುಮಾಡಿ. ನಾನು ಮೊದಲು ಕೇಳಿದ್ದು ಔಷಧಿಯದ್ದು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಒಮ್ಮೆ, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ ಹೊಡೆಯುತ್ತೇವೆ. ಎರಡನೆಯ ಸಲ ಬರುವುದು ಸರಿಯಾಗಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಅನ್ನುತ್ತಾರಲ್ಲ, ಅದಕ್ಕೆ ಮುಂಚೆ ಮುಗಿಸಬೇಕು ಅನ್ನುವುದು ಮಾವನ ಹಟ. ಹೊಡೆಯಲು ಮಳೆ ಬಿಡುವು ಕೊಡಬೇಕು. ಹಾಗಾದರೆ ಜುಲೈನಲ್ಲಿ ಎರಡು ದಿನ ಸತತವಾಗಿ 2.5 ಮಿ.ಮೀ.ಗಿಂತ ಕಡಿಮೆ ಬಂದದ್ದು ಎಷ್ಟು ಸಲ, ಯಾವ ವಾರ? (2.5 ಮುಟ್ಟಿದರೆ ಮಾತ್ರ ಇಲಾಖೆ ಅದನ್ನು ಮಳೆ ದಿನ ಅನ್ನುತ್ತದೆ.) ಒಂದು ಸೂತ್ರ ಹಾಕಿದರೆ ಉತ್ತರ ಕಣ್ಣಿನೆದುರು. ಈಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಮುಂಗಡವಾಗಿ ಹೇಳಿಡುವಾಗ ಆ ಪಟ್ಟಿ ನೋಡುತ್ತೇನೆ. ಆಕಾಶವನ್ನೂ ನೋಡುತ್ತೇನೆ ಅನ್ನಿ.

ಮೈದುನನ ಮಗ ಆವತ್ತು ಹೇಳಿದ್ದು, ಅವನ ಕಂಪನಿಯಲ್ಲೂ ದಿನದ ಅರ್ಧ ಇದೇ ಕೆಲಸವಂತೆ, ಯೂನಿಟ್ ಹುಡುಕು, ಖಾಲಿ ಯಾಕೆ ಅಂತ ಕೇಳು. ಗೂಗಲ್ ಡೀಪ್‌ಮೈಂಡ್‌ನವರು 2023ರಲ್ಲಿ ತೋರಿಸಿದ ಗ್ರಾಫ್‌ಕಾಸ್ಟ್ ಅನ್ನುವ ಎಐ ಹತ್ತು ದಿನದ ಹವಾಮಾನವನ್ನು ಒಂದು ನಿಮಿಷದೊಳಗೆ ಲೆಕ್ಕ ಹಾಕುತ್ತದೆ. ಅದಕ್ಕೆ ಪಾಠ ಹೇಳಿದ್ದು 1979ರಿಂದ 2017ರವರೆಗಿನ ಹವಾಮಾನದ ದಾಖಲೆ. ಬ್ರಿಟನ್ನಿನಲ್ಲಿ 2020ರ ಲಾಕ್‌ಡೌನ್ ಹೊತ್ತಿಗೆ ಹಳೆಯ ಕೈಬರಹದ ಮಳೆ ಹಾಳೆಗಳನ್ನು ಮನೆಯಲ್ಲಿ ಕೂತ 16,000 ಜನ ಹಂಚಿಕೊಂಡು ಟೈಪ್ ಮಾಡಿದರು. ಸುಮಾರು 66,000 ಹಾಳೆ, 50 ಲಕ್ಷಕ್ಕೂ ಮಿಕ್ಕಿದ ಅಂಕಿ, ಹದಿನಾರೇ ದಿನ. ನನ್ನದು ಬರೀ 13,149 ಸಾಲು, ಒಬ್ಬಳೇ, ನಾಲ್ಕು ತಿಂಗಳು. ಹೊಟ್ಟೆಕಿಚ್ಚಾಯಿತು.

ಉಳಿಸುವಾಗ ಎಕ್ಸೆಲ್ ಜೊತೆಗೆ ಸಿಎಸ್‌ವಿ ನಮೂನೆಯಲ್ಲೂ ಒಂದು ಪ್ರತಿ ಇಡಿ. ಅದು ಬರೀ ಅಕ್ಷರ, ಅಲ್ಪವಿರಾಮ. ಯಾವ ತಂತ್ರಾಂಶ ಬಂದರೂ ಹೋದರೂ ತೆರೆಯುತ್ತದೆ. ಒಂದು ಪ್ರತಿ ಮನೆಯಿಂದ ಹೊರಗೆ ಇರಲಿ. ನನ್ನದು ಬೆಂಗಳೂರಿನಲ್ಲಿದೆ. ಮೂವತ್ತಾರು ವರ್ಷದ ಮಳೆ ಫೋನಿನ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ.

ಯಾರಿಗಾದರೂ ಕೊಡುವ ಮುಂಚೆ ಟಿಪ್ಪಣಿ ಕಾಲಂ ಒಮ್ಮೆ ಓದಿ. ಮಾವ ಮಳೆಯ ಪಕ್ಕದಲ್ಲೇ ಆಳುಗಳ ಹೆಸರು, ಮುಂಗಡ, ಯಾರ ಮನೆಯ ಜಗಳ ಎಲ್ಲ ಬರೆದಿದ್ದಾರೆ. ಮಳೆ ಊರಿನದ್ದು, ಇನ್ನೊಬ್ಬರ ಸಾಲ ಊರಿನದ್ದಲ್ಲ. ಹೊರಗೆ ಕೊಡುವ ಪ್ರತಿಯಲ್ಲಿ ನಾನು ಆ ಕಾಲಂ ಪೂರ್ತಿ ತೆಗೆದಿದ್ದೇನೆ.

ಕೊನೆಗೆ ಉಳಿದದ್ದು ಸಂಶಯದ ಸಾಲುಗಳು. 2006ರ ಜುಲೈನ ಒಂದು ದಿನ ೧೪ ಅಂತಿದೆ, ಪಕ್ಕದಲ್ಲೊಂದು ದುಂಡಗಿನ ಗುರುತು. ಸೊನ್ನೆಯೋ, ಹಾಳೆಯ ಮೇಲೆ ಬಿದ್ದ ಹನಿಯ ಕಲೆಯೋ? ಹದಿನಾಲ್ಕೋ ನೂರ ನಲವತ್ತೋ? ಪುಸ್ತಕವನ್ನು ಅಡುಗೆಮನೆಗೆ ಒಯ್ದು ಅತ್ತೆಗೆ ತೋರಿಸಿದೆ. ಅವರು ತಾರೀಕಿನ ಕೆಳಗಿನ ಸಾಲು ಓದಿಸಿಕೊಂಡು, ಒಲೆಯಿಂದ ತಿರುಗದೆಯೇ ಹೇಳಿದರು: “ಆವತ್ತೇ ಅಲ್ವೇನೇ ಕೆಳಗಿನ ಸಂಕ ಕೊಚ್ಚಿಕೊಂಡು ಹೋಗಿದ್ದು. ಹದಿನಾಲ್ಕಕ್ಕೆಲ್ಲ ಸಂಕ ಹೋಗುತ್ತಾ?” ಸಂಕ ಅಂದರೆ ನಮ್ಮ ಕಡೆ ಹಳ್ಳ ದಾಟುವ ಕಾಲುಸೇತುವೆ.

140 ಅಂತ ಹಾಕಿದೆ. ಸಂಶಯದ ಕಾಲಂನಲ್ಲಿ ‘ಹೌದು’. ಟಿಪ್ಪಣಿಯಲ್ಲಿ ‘ಅತ್ತೆಯ ನೆನಪಿನಿಂದ, ಸಂಕ ಹೋದ ದಿನ’.