ಬೆಂಚಿನ ಬಣ್ಣ ಎದ್ದಿದ್ದು ಕಾಲಿನ ಬುಡದಲ್ಲಿ

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪು. ಕೆಲವು ವರ್ಷದ ಹಿಂದೆ ಭಾಗಮಂಡಲದ ಕಡೆ ಬಸ್ಸು ನಿಲ್ಲುವ ಜಾಗಕ್ಕೆ ಆರು ಬೆಂಚು ಮಾಡಿಕೊಟ್ಟಿದ್ದೆ. ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಚೌಕದ ಪೈಪು, ಹಸಿರು ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವುದು. ಒಂದು ಮಳೆಗಾಲ ಮುಗಿಸಿ ಹೋಗಿ ನೋಡಿದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು. ಕೂರುವ ಪಟ್ಟಿಗೆ ಏನೂ ಆಗಿರಲಿಲ್ಲ, ಕಾಲಿನ ಬುಡದಲ್ಲಿ ಮಾತ್ರ ಗುಳ್ಳೆ ಎದ್ದಿತ್ತು. ಉಗುರು ಹಾಕಿದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು, ಅಡಿಯಲ್ಲಿ ಕೆಂಪು ತುಕ್ಕು.

ಪೌಡರೇ ಕಳಪೆ ಅಂದುಕೊಂಡಿದ್ದೆ. ಒಂದು ಬೆಂಚು ವಾಪಸ್ ತಂದು ಕಾಲು ಕೊಯ್ದೆ, ಒಳಗಿಂದ ಒಂದು ಲೋಟದಷ್ಟು ಕಂದು ನೀರು ಸುರಿಯಿತು. ಬೋಲ್ಟಿನ ತೂತಿನಿಂದ ಇಳಿದ ಮಳೆ ನೀರು ಅದು. ಕೆಳಗೆ ಪ್ಲೇಟ್ ಇಟ್ಟು ಸುತ್ತ ಬೆಸುಗೆ ಹಾಕಿದ್ದೆ, ಹೊರಗೆ ಹೋಗಲು ದಾರಿಯೇ ಬಿಟ್ಟಿರಲಿಲ್ಲ. ಪೈಪಿನ ಒಳಕ್ಕೆ ಪೌಡರ್ ಸರಿಯಾಗಿ ಹೋಗುವುದಿಲ್ಲ ಅಲ್ವಾ, ಬರೀ ಕಬ್ಬಿಣ ನೀರಲ್ಲಿ ನಿಂತಿತ್ತು. ಇನ್ನೊಂದು ತಪ್ಪು ಬೆಸುಗೆಯ ಮೇಲಿನ ಸ್ಲ್ಯಾಗ್ (ಬೆಸುಗೆ ಹಾಕಿದಾಗ ಮೇಲೆ ಕೂರುವ ಗಟ್ಟಿ ಕಿಟ್ಟ) ಪೂರ್ತಿ ತೆಗೆಯದೆ ಕಳಿಸಿದ್ದು. ಬಣ್ಣ ಅದರ ಮೇಲೆ ಕೂತಂತೆ ಕಾಣುತ್ತದೆ, ಸ್ಲ್ಯಾಗ್ ಬಿಟ್ಟ ದಿನ ಬಣ್ಣವೂ ಬಿಡುತ್ತದೆ.

ಈಗ ಪ್ರತಿ ಕಾಲಿನ ಕೆಳಗೂ 8 ಮಿಮೀ ತೂತು. ಕೊಯ್ದ ಅಂಚನ್ನೆಲ್ಲ ಗ್ರೈಂಡರಿನಲ್ಲಿ ಉರುಟು ಮಾಡುತ್ತೇನೆ, ಯಾಕೆಂದರೆ ಪೌಡರ್ ಓವನ್‌ನಲ್ಲಿ ಕರಗಿದಾಗ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗಿಬಿಡುತ್ತದೆ. ಎಣ್ಣೆ, ತುಕ್ಕು ತೆಗೆದು ಫಾಸ್ಫೇಟಿಂಗ್ (ಬಣ್ಣ ಗಟ್ಟಿ ಹಿಡಿಯಲು ಲೋಹಕ್ಕೆ ಕೊಡುವ ರಾಸಾಯನಿಕ ಪದರ) ಮಾಡಿಸಿ, ಅದು ಒಣಗಿದ ಮೇಲೆ ಅಡಿ ಪದರವಾಗಿ ಝಿಂಕ್ ಇರುವ ಎಪಾಕ್ಸಿ ಪ್ರೈಮರ್, ಮೇಲೆ ಪ್ಯೂರ್ ಪಾಲಿಯೆಸ್ಟರ್ ಪೌಡರ್ 60ರಿಂದ 80 ಮೈಕ್ರಾನ್ ದಪ್ಪಕ್ಕೆ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಮೀ). ಮೇಲೆ ಪಾಲಿಯೆಸ್ಟರ್ ಹಾಕದೆ ಎಪಾಕ್ಸಿಯನ್ನೇ ಹಾಗೇ ಬಿಟ್ಟರೆ ಅದು ಬಿಸಿಲಿಗೆ ಬಿಳಿಚಿ ಸುಣ್ಣದ ಪುಡಿ ಥರ ಕೈಗೆ ಹತ್ತುತ್ತದೆ.

ಬೇಯಿಸುವಾಗ ಒಂದು ವಿಷಯ ತುಂಬಾ ಜನ ಬಿಡುತ್ತಾರೆ. ನಾನು ಬಳಸುವ ಪೌಡರಿಗೆ 200 ಡಿಗ್ರಿಯಲ್ಲಿ 10 ನಿಮಿಷ ಬೇಕು. ಆದರೆ ಅದು ಓವನ್ನಿನ ಗಾಳಿಯ ಬಿಸಿ ಅಲ್ಲ, ಲೋಹದ್ದು. ತೆಳು ಪೈಪು ಬೇಗ ಕಾಯುತ್ತದೆ, ಬುಡದ 6 ಮಿಮೀ ಪ್ಲೇಟ್ ನಿಧಾನ. ಪೈಪು ನೋಡಿ ಹೊರಗೆ ತೆಗೆದರೆ ಪ್ಲೇಟಿನ ಮೇಲಿನ ಬಣ್ಣ ಹಸಿಯಾಗಿಯೇ ಇರುತ್ತದೆ, ನೀರು ಜಾಸ್ತಿ ನಿಲ್ಲುವುದೂ ಅಲ್ಲೇ.

ಆಮೇಲೆ ಮಾಡಿದ ಬೆಂಚುಗಳು ಮೂರು ಮಳೆಗಾಲ ಕಂಡಿವೆ. ಪಾಚಿ ಹಿಡಿಯುತ್ತದೆ, ಸೋಪಿನ ನೀರು ಮತ್ತು ಬಟ್ಟೆ ಸಾಕು, ದಯವಿಟ್ಟು ತಂತಿ ಬ್ರಷ್ ಹಾಕಬೇಡಿ. ಒಂದರ ಕಾಲಿಗೆ ಯಾರೋ ಸರಪಳಿ ಕಟ್ಟಿ ಕಬ್ಬಿಣ ಕಾಣುವಷ್ಟು ಸವೆದಿದೆ. ಜೂನ್ ಮಳೆ ಹಿಡಿಯುವ ಮೊದಲು ಹೋಗಿ ಅಲ್ಲಿಗೆ ಪ್ರೈಮರ್ ಹಚ್ಚಿ ಬರಬೇಕು.